ಹಳೆಯ ನಕ್ಷೆಯಲ್ಲಿ ನಮ್ಮ ಮನೆತನದ ಹಾದಿ

ಹೊಲವಿದ್ದ ಮನೆತನದ ಚರಿತ್ರೆ ಪಹಣಿಯಲ್ಲಿ ಉಳಿದಿರುತ್ತದೆ. ಆದರೆ ರೈಲ್ವೆ, ಕಲ್ಲುಗಣಿ, ಸಿಮೆಂಟು ಕಾರ್ಖಾನೆಗಳ ದುಡಿಮೆಯನ್ನು ನಂಬಿ ಶಹಾಬಾದ, ವಾಡಿಗಳಿಗೆ ಬಂದು ವಸತಿಗೃಹಗಳಲ್ಲಿ ಬಾಳಿದವರ ಹೆಸರನ್ನು ಪಹಣಿಯಲ್ಲಿ ಹುಡುಕಿ ಫಲವಿಲ್ಲ. ಹಿರಿಯರು ಕಣ್ಮರೆಯಾದಂತೆ ಅವರ ನೆನಪೂ ಅಳಿಯುತ್ತದೆ. ಇಂಥ ಕುಟುಂಬಗಳಿಗೆ ಹಳೆಯ ನಕ್ಷೆಯು ಆಸರೆಯಾಗಬಲ್ಲದು.

1767ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳಲ್ಲಿ ಒಂದು ಮೈಲಿಯ ನೆಲವನ್ನು ಒಂದು ಅಂಗುಲದಲ್ಲಿ ತೋರಿಸಲಾಗುತ್ತಿತ್ತು. ನಮ್ಮ ಸೀಮೆ ಎರಡು ಭಾಗಗಳಲ್ಲಿ ಹಂಚಿಹೋಗಿದೆ. ಶಹಾಬಾದ, ವಾಡಿ 56 ಸಿ ಭಾಗದಲ್ಲಿಯೂ, ಚಿತ್ತಾಪುರ, ಸೇಡಂ, ಚಿಂಚೋಳಿ 56 ಜಿ ಭಾಗದಲ್ಲಿಯೂ ಇವೆ. ಎರಡನ್ನೂ ಜೋಡಿಸಿಯೇ ನೋಡಬೇಕು. ಸೇಡಂ ಅನ್ನು ಇಂಗ್ಲಿಷಿನಲ್ಲಿ 'ಸೇರಂ' ಎಂದೂ ಬರೆಯುವ ರೂಢಿಯುಂಟೆಂಬುದು ನೆನಪಿರಲಿ.

ಮೊದಲು ರೈಲುಹಾದಿಯನ್ನು ಗುರುತಿಸಿರಿ. ಮುಂಬಯಿ–ಮದ್ರಾಸು ಮಾರ್ಗವು 1871ರಲ್ಲಿ ಪೂರ್ಣಗೊಂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ನಿಜಾಮರ ರೈಲು ಸಾಗಿತು. ಚಿಂಚೋಳಿ ಈ ಹಾದಿಯಿಂದ ದೂರವೇ ಉಳಿಯಿತು. ನಿಮ್ಮ ಅಜ್ಜ ಎಲ್ಲಿ ಇಳಿದರು, ಅಲ್ಲಿಂದ ಕಾಲುದಾರಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ತೊಡಗುತ್ತದೆ.

ನಕ್ಷೆಯಲ್ಲಿ ಇಲ್ಲದುದೂ ಸಾಕ್ಷಿಯೇ. ವಾಡಿಯ ಸಿಮೆಂಟು ಕಾರ್ಖಾನೆ 1968ರದು. ಅದಕ್ಕೂ ಹಿಂದಿನ ಹಾಳೆಯಲ್ಲಿ ಅದು ಕಾಣದು. ಹಾಗೆಯೇ ಸ್ವಾತಂತ್ರ್ಯಪೂರ್ವದ ಹಾಳೆಯಲ್ಲಿ ಚಿಂಚೋಳಿಯ ಬಳಿ ಚಂದ್ರಂಪಳ್ಳಿ ಜಲಾಶಯವನ್ನು ಹುಡುಕಬೇಡಿರಿ. ಆದುದರಿಂದ ನಕ್ಷೆ ಅಚ್ಚಾದ ವರ್ಷವನ್ನಷ್ಟೇ ಅಲ್ಲ, ಅಳತೆ ನಡೆದ ವರ್ಷವನ್ನೂ ಓದಿಕೊಳ್ಳಿರಿ.

ಈ ಪ್ರದೇಶವು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಅಂದಿನ ಕಂದಾಯ ಕಾಗದಗಳು ಉರ್ದುವಿನಲ್ಲಿರಬಹುದು, ಕಾಲವು ಫಸಲಿಯಲ್ಲಿರಬಹುದು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ದೊರೆಯುತ್ತದೆ. 1330 ಎಂದರೆ 1920ರ ಆಸುಪಾಸು.

ಜನರ ಹೆಸರುಗಳಿಗೆ ಧರ್ಮಕೇಂದ್ರದ ಜ್ಞಾನಸ್ನಾನದ ದಾಖಲೆಪುಸ್ತಕವೇ ಆಧಾರ. ಮುಂದೆ ನಡೆದ ವಿವಾಹವನ್ನೂ ಅದರಲ್ಲಿ ನಮೂದಿಸುವುದು ಧರ್ಮಸಭೆಯ ನಿಯಮ. ಕಲಬುರಗಿ ಧರ್ಮಕ್ಷೇತ್ರ ಸ್ಥಾಪನೆಯಾದುದು 2005ರಲ್ಲಿ. ಹಿಂದಿನ ವಿವರಗಳನ್ನು ಜ್ಞಾನಸ್ನಾನ ನಡೆದ ಧರ್ಮಕೇಂದ್ರದಲ್ಲಿಯೇ ಮೊದಲು ವಿಚಾರಿಸುವುದು ಲೇಸು.

ನಕ್ಷೆಯ ಒಂದು ಪ್ರತಿಯನ್ನು ಮನೆಯ ಹಿರಿಯರ ಮುಂದೆ ಹರಡಿರಿ. ಮನೆ, ಬಾವಿ, ಶಾಲೆ, ಪ್ರಾರ್ಥನಾಲಯ, ಸಮಾಧಿಭೂಮಿ ಎಲ್ಲಿದ್ದವೆಂದು ಕೇಳಿ, ಪೆನ್ಸಿಲಿನಿಂದ ಗುರುತು ಮಾಡಿರಿ. ಹೇಳಿದವರ ಹೆಸರನ್ನೂ ದಿನಾಂಕವನ್ನೂ ಬರೆದಿಡಿರಿ. ಕಾಗದ ಇನ್ನೂ ಕೆಲವು ವರ್ಷ ಕಾದೀತು, ಹೇಳುವವರು ಕಾಯಲಾರರು. ಬರುವ ಭಾನುವಾರದ ಪೂಜೆಯ ಬಳಿಕವೇ ಈ ಕಾರ್ಯ ಆರಂಭವಾಗಲಿ.