ಮಾಜಿ ಸೈನಿಕರೇ, ನಿಮ್ಮ ಆರೋಗ್ಯ ಕಾರ್ಡು ಎಲ್ಲಿದೆ?

'ಮಿಲಿಟ್ರಿಯಲ್ಲಿ ಇದ್ದು ಬಂದವರು, ಅವರಿಗೆಂಥ ಕಾಯಿಲೆ?' ಎಂಬ ಮಾತನ್ನು ನಮ್ಮ ಕಡೆಯ ಹಳ್ಳಿಗಳಲ್ಲಿ ನೀವೂ ಕೇಳಿರುತ್ತೀರಿ. ನಂಜನಗೂಡು ಹಾಗೂ ತಿ. ನರಸೀಪುರ ತಾಲ್ಲೂಕುಗಳಲ್ಲಿ ಸೇನೆಯಿಂದ ನಿವೃತ್ತರಾಗಿ ಬಂದು ಜಮೀನು ನೋಡಿಕೊಳ್ಳುವವರು, ಕಾರ್ಖಾನೆ ಹಾಗೂ ಬ್ಯಾಂಕುಗಳಲ್ಲಿ ಕಾವಲು ಕೆಲಸ ಮಾಡುವವರು ಇದ್ದಾರೆ. ನೆಟ್ಟಗಿನ ನಿಲುವು, ಚುರುಕು ನಡಿಗೆ ಕಂಡು ಮನೆಯವರೂ ಅವರ ಆರೋಗ್ಯದ ಬಗ್ಗೆ ನಿಶ್ಚಿಂತರಾಗಿರುತ್ತಾರೆ. ಆದರೆ ವೈದ್ಯನ ಅನುಭವ ಬೇರೆಯೇ ಹೇಳುತ್ತದೆ. ಈ ಗಟ್ಟಿ ದೇಹದ ಮಂದಿ ಆಸ್ಪತ್ರೆಗೆ ಬರುವುದು ಬಹಳ ತಡವಾಗಿ. ಬಂದಾಗಲೂ, ತಮಗೆ ಸರ್ಕಾರದಿಂದ ಸಿಗುವ ವೈದ್ಯಕೀಯ ಸೌಲಭ್ಯದ ಕಾಗದಪತ್ರ ಅವರ ಕೈಯಲ್ಲಿ ಇರುವುದಿಲ್ಲ. ಇವೆರಡೂ ಸರಿಹೋಗಬೇಕಾದರೆ ಮನೆಮಂದಿ ಏನು ಮಾಡಬೇಕು ಎಂಬುದೇ ಈ ವಾರದ ವಿಷಯ.

ನಿವೃತ್ತಿಯ ನಂತರದ ದೇಹ

ಸಿಪಾಯಿ, ನಾಯಕ್, ಹವಾಲ್ದಾರ್ ದರ್ಜೆಯವರಲ್ಲಿ ಅನೇಕರು ನಲವತ್ತರ ಆಸುಪಾಸಿನಲ್ಲಿಯೇ ನಿವೃತ್ತರಾಗುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಸದ್ದಿಲ್ಲದೆ ತಲೆಯೆತ್ತುವ ವಯಸ್ಸೂ ಅದೇ. ಸೇವೆಯಲ್ಲಿದ್ದಾಗ ಮುಂಜಾನೆಯ ಪಿ.ಟಿ. ತಪ್ಪುತ್ತಿರಲಿಲ್ಲ. ಜ್ವರ ಬಂದರೆ ಎಂ.ಐ. ರೂಮಿಗೆ ಹೋಗಲೇಬೇಕಿತ್ತು. ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ ನಡೆಯುತ್ತಿತ್ತು. ಇದೆಲ್ಲ ಆದೇಶದ ಮೇರೆಗೆ ನಡೆಯುತ್ತಿದ್ದ ಕೆಲಸ. ಊರಿಗೆ ಬಂದ ಮೇಲೆ ಅಂತಹ ಆದೇಶ ಕೊಡುವವರು ಯಾರೂ ಇಲ್ಲ. ಊಟದ ಪ್ರಮಾಣ ಹಿಂದಿನಷ್ಟೇ ಉಳಿಯುತ್ತದೆ, ವ್ಯಾಯಾಮ ಮಾತ್ರ ನಿಲ್ಲುತ್ತದೆ. ಮೂರು ಹೊತ್ತೂ ಅನ್ನ ತಿಂದು, ಹಗಲೆಲ್ಲ ಕುಳಿತು, ರಾತ್ರಿ ಕಾವಲಿಗೆ ನಿದ್ದೆಗೆಟ್ಟರೆ ನಾಲ್ಕೈದು ವರ್ಷಗಳಲ್ಲಿ ಹೊಟ್ಟೆ ಮುಂದೆ ಬರುತ್ತದೆ. ಅದರ ಹಿಂದೆಯೇ ಸಕ್ಕರೆ ಕಾಯಿಲೆ ಬರುತ್ತದೆ.

ಇದರ ಜೊತೆಗೆ ಸೇವೆಯ ಕಾಲದಲ್ಲಿ ಅಂಟಿಕೊಂಡ ತೊಂದರೆಗಳೂ ಇರುತ್ತವೆ. ಫಿರಂಗಿಯ ಸದ್ದಿಗೆ ವರ್ಷಗಟ್ಟಲೆ ಕಿವಿಗೊಟ್ಟವರಲ್ಲಿ ಕಿವಿ ಮಂದವಾಗಿರಬಹುದು. ಭಾರ ಹೊತ್ತು ಬೆಟ್ಟ ಹತ್ತಿದವರಿಗೆ ಮಂಡಿ, ಸೊಂಟದ ನೋವು ಇರಬಹುದು. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗುವ ಅಭ್ಯಾಸ ಒಳ್ಳೆಯದಲ್ಲ. ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಮೂತ್ರಪಿಂಡವನ್ನು ಹಾಳುಮಾಡಬಹುದು.

ಆದ್ದರಿಂದ ನಲವತ್ತು ದಾಟಿದ ಪ್ರತಿಯೊಬ್ಬ ಮಾಜಿ ಸೈನಿಕರೂ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ರಕ್ತದ ಸಕ್ಕರೆ, ಕೊಬ್ಬಿನಂಶ, ಮೂತ್ರ ಹಾಗೂ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹಿಂದೆ ಬೇರೆಯವರು ಕೊಡುತ್ತಿದ್ದ ಆದೇಶವನ್ನು ಈಗ ನಿಮಗೆ ನೀವೇ ಕೊಟ್ಟುಕೊಳ್ಳಬೇಕು. ಸಕ್ಕರೆ ಹಾಗೂ ರಕ್ತದೊತ್ತಡದ ಪರೀಕ್ಷೆಯನ್ನು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿಯೇ ಮಾಡಿಸಬಹುದು. ಇದಕ್ಕಾಗಿ ಮೈಸೂರಿಗೆ ಹೋಗಬೇಕಾಗಿಲ್ಲ.

ಟ್ರಂಕಿನಲ್ಲಿ ಉಳಿದ ಕಾರ್ಡು

ಕಾಗದಪತ್ರದ ಮಾತಿಗೆ ಬರೋಣ. ನನಗೆ ತಿಳಿದ ಒಬ್ಬ ಮಾಜಿ ಹವಾಲ್ದಾರರಿಗೆ ಒಂದು ರಾತ್ರಿ ಎದೆನೋವು ಬಂತು. ಮನೆಯವರು ಸಿಕ್ಕಿದ ವಾಹನದಲ್ಲಿ ಮೈಸೂರಿಗೆ ಕರೆದೊಯ್ದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು, ಜೀವ ಉಳಿಯಿತು. ಹಣಕ್ಕಾಗಿ ಹೆಂಡತಿ ಒಡವೆ ಅಡವಿಟ್ಟರು, ಸಾಲದ್ದಕ್ಕೆ ನೆಂಟರಿಂದ ಕೈಸಾಲ ತಂದರು. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು ಆ ಹೊತ್ತಿನಲ್ಲಿ ಮನೆಯ ಕಪ್ಪು ಟ್ರಂಕಿನ ತಳದಲ್ಲಿತ್ತು. ಅದು ಯಾವುದಕ್ಕೆ ಬರುತ್ತದೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಇನ್ನೊಬ್ಬ ಮಾಜಿ ಸೈನಿಕರು ನೋಡಲು ಬಂದು ವಿಚಾರಿಸುವ ಹೊತ್ತಿಗೆ ವಾರ ಕಳೆದಿತ್ತು.

ಇದರ ಪರಿಣಾಮ ಹಣಕ್ಕಷ್ಟೇ ನಿಲ್ಲಲಿಲ್ಲ. ಕೆಲವು ತಿಂಗಳ ನಂತರ ಅವರು ಪರೀಕ್ಷೆಗೆ ಬಂದಾಗ ರಕ್ತದೊತ್ತಡ ಏರಿತ್ತು. ಕೇಳಿದರೆ, ಬಡ್ಡಿ ಕಟ್ಟಬೇಕಾದ್ದರಿಂದ ದಿನದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು! ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ಹೀಗೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಸಕಾಲದಲ್ಲಿ ಕೈಗೆ ಬಾರದ ಒಂದು ಕಾರ್ಡು ಮತ್ತೆ ಕಾಯಿಲೆಗೇ ದಾರಿ ಮಾಡಿಕೊಡುತ್ತದೆ.

ಇ.ಸಿ.ಎಚ್.ಎಸ್. ಎಂದರೇನು?

ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ, ಅಂದರೆ ಇ.ಸಿ.ಎಚ್.ಎಸ್., 2003ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಸೇನೆಯ ಪಿಂಚಣಿ ಪಡೆಯುವವರು ಮತ್ತು ಕುಟುಂಬ ಪಿಂಚಣಿ ಪಡೆಯುವ ವಿಧವೆಯರು ಇದರ ಸದಸ್ಯರಾಗಬಹುದು. ಆ ದಿನಾಂಕದ ನಂತರ ಪಿಂಚಣಿಯೊಡನೆ ನಿವೃತ್ತರಾದವರಿಗೆ ಸದಸ್ಯತ್ವ ನಿವೃತ್ತಿಯ ಜೊತೆಗೇ ಬರುತ್ತದೆ. ಅದಕ್ಕೆ ಮೊದಲೇ ನಿವೃತ್ತರಾದವರು ಅರ್ಜಿ ಸಲ್ಲಿಸಿ, ಒಂದೇ ಬಾರಿಯ ವಂತಿಗೆ ಕಟ್ಟಿ ಸೇರಬೇಕು. 1996ರ ಜನವರಿ 1ಕ್ಕೆ ಮುಂಚೆ ನಿವೃತ್ತರಾದ ಹಿರಿಯರಿಗೂ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೂ ಈ ವಂತಿಗೆಯಿಂದ ವಿನಾಯಿತಿ ಇದೆ. ನಿಮ್ಮ ಮನೆಯಲ್ಲಿ ಅಂತಹ ಹಿರಿಯರಿದ್ದು ಇನ್ನೂ ಸೇರಿಲ್ಲವಾದರೆ ಕೂಡಲೇ ವಿಚಾರಿಸಿ.

ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ನಿಗದಿತ ಆದಾಯ ಮಿತಿಯೊಳಗಿರುವ ಅವಲಂಬಿತ ತಂದೆತಾಯಿ ಈ ಯೋಜನೆಗೆ ಒಳಪಡುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಕಾರ್ಡು ಇರುತ್ತದೆ.

ನಮ್ಮ ಎರಡೂ ತಾಲ್ಲೂಕಿನವರಿಗೆ ಅನುಕೂಲವಾದುದು ಮೈಸೂರಿನಲ್ಲಿರುವ ಇ.ಸಿ.ಎಚ್.ಎಸ್. ಪಾಲಿಕ್ಲಿನಿಕ್. ಅಲ್ಲಿನ ವೈದ್ಯರು ಪರೀಕ್ಷಿಸಿ ಔಷಧಿ ಕೊಡುತ್ತಾರೆ. ತಜ್ಞರ ಚಿಕಿತ್ಸೆ ಬೇಕಾದರೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಆ ಚೀಟಿಯಿದ್ದರೆ ಆಸ್ಪತ್ರೆಯಲ್ಲಿ ಹಣ ಕಟ್ಟಬೇಕಾಗುವುದಿಲ್ಲ. ಯೋಜನೆಗೆ ಸೇರಿದ ಆಸ್ಪತ್ರೆಗಳ ಪಟ್ಟಿ ಆಗಾಗ ಬದಲಾಗುತ್ತಿರುತ್ತದೆ. ಆದ್ದರಿಂದ ಪಾಲಿಕ್ಲಿನಿಕ್‌ಗೆ ಹೋದಾಗಲೆಲ್ಲ ಹೊಸ ಪಟ್ಟಿಯನ್ನು ನೋಡಿ ಬರೆದುಕೊಳ್ಳಿ.

ತುರ್ತು ಸಂದರ್ಭದಲ್ಲಿ ಚೀಟಿಗಾಗಿ ಕಾಯಬೇಕಾಗಿಲ್ಲ. ಎದೆನೋವು, ಪಾರ್ಶ್ವವಾಯು, ಅಪಘಾತ, ಹಾವು ಕಡಿತ ಇಂತಹ ವೇಳೆಯಲ್ಲಿ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಮೊದಲು ಸೇರಿಸಿ. ಅದು ಯೋಜನೆಗೆ ಸೇರಿದ ಆಸ್ಪತ್ರೆಯಾದರೆ ಕಾರ್ಡನ್ನು ಸೇರುವಾಗಲೇ ತೋರಿಸಿ. ಸೇರದ ಆಸ್ಪತ್ರೆಯಾದರೆ 48 ಗಂಟೆಗಳೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಬಿಲ್ಲು, ವರದಿ, ಬಿಡುಗಡೆ ಪತ್ರ ಎಲ್ಲದರ ಮೂಲಪ್ರತಿ ಇಟ್ಟುಕೊಂಡರೆ ಯೋಜನೆಯ ದರದಂತೆ ಹಣ ವಾಪಸು ಕೇಳಬಹುದು. ಈ 48 ಗಂಟೆಯ ವಿಷಯವನ್ನು ಮನೆಯ ಹೆಂಗಸರು, ಮಕ್ಕಳು ಚೆನ್ನಾಗಿ ನೆನಪಿಡಬೇಕು. ಏಕೆಂದರೆ ಆ ಹೊತ್ತಿನಲ್ಲಿ ಮಾಜಿ ಸೈನಿಕರೇ ರೋಗಿಯಾಗಿರುತ್ತಾರೆ. ಫೋನು ಮಾಡಬೇಕಾದವರು ನೀವು.

ಹೆಸರಿನಲ್ಲಿ ಒಂದು ಅಕ್ಷರ

ನಮ್ಮ ಕಡೆ ಕಾಣುವ ಇನ್ನೊಂದು ತೊಡಕು ಹೆಸರಿನದು. ಸೇನೆಯ ದಾಖಲೆಯಲ್ಲಿ 'ಮಾದೇವಮ್ಮ', ಆಧಾರ್‌ನಲ್ಲಿ 'ಮಹದೇವಮ್ಮ', ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ. ಗಂಡ ಇರುವಾಗ ಇದು ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ಅವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೂ ಆರೋಗ್ಯ ಕಾರ್ಡಿಗೂ ಇದೇ ಅಡ್ಡಿಯಾಗಿ, ವಯಸ್ಸಾದ ಹೆಣ್ಣುಮಗಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಪಿಂಚಣಿ ಆದೇಶ, ಡಿಸ್ಚಾರ್ಜ್ ಪುಸ್ತಕ, ಆಧಾರ್ ಮೂರನ್ನೂ ಎದುರಿಗಿಟ್ಟುಕೊಂಡು ಹೆಸರು, ಹುಟ್ಟಿದ ದಿನಾಂಕ ಒಂದೇ ಇವೆಯೇ ಎಂದು ಇಂದೇ ನೋಡಿ. ವ್ಯತ್ಯಾಸವಿದ್ದರೆ ಯಜಮಾನರು ಇರುವಾಗಲೇ ಸರಿಪಡಿಸಿಕೊಳ್ಳಿ. ರಕ್ಷಣಾ ಪಿಂಚಣಿ ಈಗ 'ಸ್ಪರ್ಶ್' ವ್ಯವಸ್ಥೆಯ ಮೂಲಕ ಬರುತ್ತದೆ. ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡುವುದನ್ನು ಮರೆತರೆ ಪಿಂಚಣಿ ನಿಲ್ಲಬಹುದು.

ಈ ಎಲ್ಲ ವಿಷಯಗಳಿಗೆ ಮಾರ್ಗದರ್ಶನ ಸಿಗುವ ಸ್ಥಳ ಮೈಸೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ.

ಪಿಂಚಣಿ ಇಲ್ಲದವರಿಗೆ

ಕೆಲವೇ ವರ್ಷ ಸೇವೆ ಮಾಡಿ, ಪಿಂಚಣಿಯಿಲ್ಲದೆ ಊರಿಗೆ ಮರಳಿದವರೂ ಇದ್ದಾರೆ. ತಮಗೇನೂ ಸಿಗುವುದಿಲ್ಲವೆಂದು ಅವರು ಕೈಚೆಲ್ಲಿ ಕೂರುವುದುಂಟು. ಹವಾಲ್ದಾರ್ ಹಾಗೂ ಅದಕ್ಕಿಂತ ಕೆಳಗಿನ ದರ್ಜೆಯಲ್ಲಿದ್ದು, ಪಿಂಚಣಿಯಾಗಲಿ ಬೇರೆ ನಿಯತ ಆದಾಯವಾಗಲಿ ಇಲ್ಲದ 65 ವರ್ಷ ಮೇಲ್ಪಟ್ಟವರಿಗೂ ಅಂಥವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯಿಂದ ಮಾಸಿಕ ಸಹಾಯಧನವಿದೆ. ತಿಂಗಳಿಗೆ 4,000 ರೂಪಾಯಿ ಇದ್ದ ಈ ಮೊತ್ತವನ್ನು 2025ರ ನವೆಂಬರ್ 1ರಿಂದ 8,000 ರೂಪಾಯಿಗೆ ಏರಿಸಲಾಗಿದೆ. ಪಿಂಚಣಿ ಇಲ್ಲದವರ ಚಿಕಿತ್ಸೆಗೂ ಗಂಭೀರ ಕಾಯಿಲೆಗಳಿಗೂ ಬೇರೆ ಸಹಾಯಧನಗಳಿವೆ. ಅರ್ಜಿ ಜಿಲ್ಲಾ ಸೈನಿಕ ಕಚೇರಿಯ ಮೂಲಕವೇ ಹೋಗಬೇಕು. ಡಿಸೆಂಬರ್ 7ರ ಧ್ವಜ ದಿನದಂದು ನಾವು ನೀವು ಡಬ್ಬಿಗೆ ಹಾಕುವ ಹಣ ಸೇರುವುದು ಇಂತಹ ನೆರವಿನ ನಿಧಿಗೇ.

ಮನಸ್ಸಿನ ನೋವು, ಮದ್ಯದ ಚಟ

ಗಡಿಯಲ್ಲಿ ಕಂಡದ್ದನ್ನು ಕೆಲವರು ಮನೆಯಲ್ಲಿ ಹೇಳಿಕೊಳ್ಳುವುದೇ ಇಲ್ಲ. ಕೆಟ್ಟ ಕನಸು, ನಿದ್ದೆಯಿಲ್ಲದಿರುವುದು, ದೀಪಾವಳಿಯ ಪಟಾಕಿಗೆ ಬೆಚ್ಚಿಬೀಳುವುದು, ಜಾತ್ರೆಯ ಜನಜಂಗುಳಿಯಲ್ಲಿ ಉಸಿರು ಕಟ್ಟಿದಂತಾಗುವುದು, ಸಣ್ಣ ಮಾತಿಗೂ ಸಿಡಿಮಿಡಿ, ಇವು ಸ್ವಭಾವದ ದೋಷವಲ್ಲ. ಚಿಕಿತ್ಸೆಯಿಂದ ಕಡಿಮೆಯಾಗುವ ತೊಂದರೆಗಳು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸೈನಿಕರು ಹಾಗೂ ಅವರ ಕುಟುಂಬದವರಿಗಾಗಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಪ್ರತ್ಯೇಕ ಘಟಕ 2023ರ ಡಿಸೆಂಬರ್ 1ರಂದು ಆರಂಭವಾಯಿತು.

ನಿದ್ದೆಗಾಗಿ ಮದ್ಯ ಸೇವಿಸುವುದು ಮದ್ದಲ್ಲ. ಮದ್ಯದಿಂದ ಬಂದ ನಿದ್ದೆ ಅರ್ಧ ರಾತ್ರಿಗೇ ಮುರಿಯುತ್ತದೆ, ರಕ್ತದೊತ್ತಡ ಏರುತ್ತದೆ. ಕ್ಯಾಂಟೀನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ ಎಂಬುದು ಕುಡಿಯಲು ಕಾರಣವಾಗಬಾರದು. ಆದರೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವರು ಮನೆಯವರ ಒತ್ತಾಯಕ್ಕೆ ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು. ಅಂಥವರು ವೈದ್ಯರ ನಿಗಾದಲ್ಲಿಯೇ ಬಿಡಬೇಕು.

ಮನಸ್ಸಿನ ನೆಮ್ಮದಿ ಕೆಡಿಸುವ ಇನ್ನೊಂದು ವಿಷಯ ಜಮೀನಿನ ತಕರಾರು. ಊರಿನಿಂದ ದೂರವಿದ್ದ ವರ್ಷಗಳಲ್ಲಿ ಒತ್ತುವರಿ, ಖಾತೆಯ ಗೊಂದಲ ಆಗಿರುವುದುಂಟು. ಸೈನಿಕ ಕುಟುಂಬಗಳ ಕಾನೂನು ನೆರವಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು 2025ರ ಜುಲೈನಲ್ಲಿ 'ವೀರ್ ಪರಿವಾರ್ ಸಹಾಯತಾ ಯೋಜನೆ'ಯನ್ನು ಆರಂಭಿಸಿದೆ. ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿಯೂ ವಿಚಾರಿಸಬಹುದು.

ಹೊಳೆ ತುಂಬಿದಾಗ

ನಮ್ಮ ಊರುಗಳ ಆರೋಗ್ಯ ಹೊಳೆಯೊಂದಿಗೆ ಬೆರೆತಿದೆ. ವಯನಾಡಿನಲ್ಲಿ ಮಳೆ ಜೋರಾಗಿ ಕಬಿನಿ ಜಲಾಶಯದಿಂದ ನೀರು ಬಿಟ್ಟರೆ ನಂಜನಗೂಡಿನಲ್ಲಿ ಕಪಿಲೆ ಉಕ್ಕುತ್ತಾಳೆ. ಆ ನೀರು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ತನಕ ದಂಡೆಯ ಊರುಗಳಿಗೆಲ್ಲ ಆತಂಕ. 2018 ಮತ್ತು 2019ರ ಆಗಸ್ಟ್ ಪ್ರವಾಹದಲ್ಲಿ ಮಲ್ಲನಮೂಲೆ ಮಠದ ಬಳಿ ನೀರು ನುಗ್ಗಿ ಮೈಸೂರು-ನಂಜನಗೂಡು ಹೆದ್ದಾರಿಯಲ್ಲಿ ಸಂಚಾರ ನಿಂತಿತ್ತು. ಮೈಸೂರಿನಿಂದ ತಿಂಗಳ ಔಷಧಿ ತರುವವರಿಗೆ ಆ ರಸ್ತೆ ಮುಚ್ಚಿದರೆ ಮಾತ್ರೆಯೂ ನಿಂತಂತೆ. ಆದ್ದರಿಂದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹದಿನೈದು ದಿನದ ಮಾತ್ರೆ ಮನೆಯಲ್ಲಿ ಹೆಚ್ಚಾಗಿರಲಿ. ಇನ್ಸುಲಿನ್ ಪಡೆಯುವವರು ಇದನ್ನು ಮರೆಯಲೇಬಾರದು. ನೀರು ಇಳಿದ ಮೇಲೆ ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ. ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ಗದ್ದೆಗೆ, ಕೆಸರಿಗೆ ಇಳಿಯಬೇಡಿ. ಪ್ರತಿ ರಾತ್ರಿ ಅಂಗಾಲನ್ನು ನೋಡಿಕೊಳ್ಳಿ. ಕೆಸರಿಗಿಳಿದ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರವಿರಬಹುದು, ಕೂಡಲೇ ವೈದ್ಯರನ್ನು ಕಾಣಿ.

ಊರಿನ ವ್ಯವಸ್ಥೆಯಲ್ಲೂ ಮಾಜಿ ಸೈನಿಕರ ಸಂಘಗಳು ಮಾಡಬಹುದಾದ ಕೆಲಸ ಬಹಳವಿದೆ. ವಯಸ್ಸಾದವರು ಪ್ರತಿ ಸಣ್ಣ ಕೆಲಸಕ್ಕೂ ಮೈಸೂರಿಗೆ ಓಡಾಡುವುದು ತಪ್ಪಬೇಕು. ಅದಕ್ಕಾಗಿ ತಾಲ್ಲೂಕು ಕೇಂದ್ರದಲ್ಲಿ ಆಗಾಗ ತಪಾಸಣೆ ಮತ್ತು ದಾಖಲೆ ತಿದ್ದುಪಡಿ ಶಿಬಿರ ನಡೆಸುವಂತೆ ಜಿಲ್ಲಾ ಕಚೇರಿಗೆ ಲಿಖಿತ ಮನವಿ ಕೊಡಿ. ಗ್ರಾಮ ಸಭೆಯಲ್ಲಿ ಎದ್ದು ನಿಂತು ಚರಂಡಿ, ಕುಡಿಯುವ ನೀರು, ಬೀದಿ ದೀಪದ ಬಗ್ಗೆ ಕೇಳಿ. ಬೀದಿ ದೀಪವಿದ್ದರೆ ಮುಂಜಾನೆಯ ನಡಿಗೆ ಸಾಧ್ಯ, ಚರಂಡಿ ಸರಿಯಿದ್ದರೆ ಸೊಳ್ಳೆ ಕಡಿಮೆ. ಇದರ ಪ್ರಯೋಜನ ಇಡೀ ಊರಿಗೆ.

ಮನೆಯಲ್ಲಿ ಇಂದೇ ಮಾಡಿ

* ಕಾರ್ಡು, ಪಿಂಚಣಿ ಆದೇಶ, ಡಿಸ್ಚಾರ್ಜ್ ಪುಸ್ತಕ, ಆಧಾರ್ ಇವುಗಳ ನಕಲನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮನೆಯವರಿಗೆಲ್ಲ ಗೊತ್ತಿರುವ ಜಾಗದಲ್ಲಿಡಿ.

* ಪಾಲಿಕ್ಲಿನಿಕ್ ಮತ್ತು ಜಿಲ್ಲಾ ಸೈನಿಕ ಕಚೇರಿಯ ದೂರವಾಣಿ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಯಿರಿ.

* ದಿನವೂ ನುಂಗುವ ಮಾತ್ರೆಗಳ ಹೆಸರು, ಪ್ರಮಾಣವನ್ನು ಒಂದು ಚೀಟಿಯಲ್ಲಿ ಬರೆದು ಅದೇ ಚೀಲದಲ್ಲಿಡಿ.

* ಒಮ್ಮೆಯಾದರೂ ಹೆಂಡತಿಯನ್ನು ಪಾಲಿಕ್ಲಿನಿಕ್‌ಗೆ ಜೊತೆಯಲ್ಲಿ ಕರೆದೊಯ್ದು, ಎಲ್ಲಿ ಹೋಗಬೇಕು, ಯಾರನ್ನು ಕೇಳಬೇಕು ಎಂಬುದನ್ನು ತೋರಿಸಿ.

ಕೊನೆಯ ಸಲಹೆಯೇ ಎಲ್ಲಕ್ಕಿಂತ ಮುಖ್ಯ. ಮುಂದೊಂದು ದಿನ ಆ ಬಾಗಿಲಿಗೆ ಅವರು ಒಬ್ಬರೇ ಹೋಗಬೇಕಾಗಿ ಬರಬಹುದು. ಆಗ ಅವರಿಗೆ ದಾರಿ ಗೊತ್ತಿರಬೇಕು.