ಓಕ್ ತೋಪಿನಲ್ಲಿ ಬಾಗುವ ಡಿಸ್ಕ್

ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ ಅಂಚಿನಲ್ಲಿ, ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಪಕ್ಕದಲ್ಲೇ, ಓಕ್ ಮರಗಳ ಒಂದು ತೋಪಿದೆ. ಡಿಸ್ಕ್ ಗಾಲ್ಫಿನ ಮೊದಲ ಕಾಯಂ ಅಂಗಳ ಸಿದ್ಧವಾದದ್ದು ಇಲ್ಲಿ, 1975ರಲ್ಲಿ. ರೂಪಿಸಿದವರು ಎಡ್ ಹೆಡ್ರಿಕ್. ಫ್ರಿಸ್ಬೀಯ ಬೆನ್ನಿನ ಮೇಲೆ ಉಂಗುರದಂಥ ಗೆರೆಗಳನ್ನು ಮೂಡಿಸಿ ಅದರ ಹಾರಾಟವನ್ನು ಹದಕ್ಕೆ ತಂದವರೂ ಅವರೇ. ಗಾಲ್ಫಿನಂತೆಯೇ ಇಲ್ಲಿಯೂ ಕಡಿಮೆ ಎಸೆತಗಳಲ್ಲಿ ಡಿಸ್ಕನ್ನು ಗುರಿ ಮುಟ್ಟಿಸಿದವರಿಗೆ ಗೆಲುವು. ಮೊದಲು ಗುರಿಯಾಗಿದ್ದದ್ದು ಬರೀ ಕಂಬ. ಡಿಸ್ಕ್ ತಾಗಿತೋ ಇಲ್ಲವೋ ಎಂಬ ತಕರಾರು ತೀರಿದ್ದು ಹೆಡ್ರಿಕ್ ಸರಪಳಿಗಳನ್ನು ಇಳಿಬಿಟ್ಟ ಬುಟ್ಟಿ ಮಾಡಿದ ಮೇಲೆ.

ಬಯಲಿನಲ್ಲಿ ಈ ಆಟ ತೋಳಿನ ಬಲ ಕೇಳುತ್ತದೆ. ಮರಗಳ ನಡುವಿನ ಪುಟ್ಟ ಅಂಗಳದಲ್ಲಿ ಬುಟ್ಟಿ ಹತ್ತಿರವೇ ಇದ್ದರೂ ನೇರ ದಾರಿ ಇರುವುದಿಲ್ಲ. ಅಲ್ಲಿ ಗೆಲ್ಲಿಸುವುದು ಡಿಸ್ಕಿನ ಬಾಗುವ ಗುಣ. ಈ ಆಟದ ನಿಜವಾದ ಸೊಗಸು ಇರುವುದು ಅದರಲ್ಲೇ ಎಂದು ನಾನು ನಂಬುತ್ತೇನೆ.

ಬಲಗೈ ಆಟಗಾರ ತೋಳನ್ನು ಎದೆಗೆ ಅಡ್ಡಲಾಗಿ ತಂದು ಬೀಸಿದರೆ ಅದು ಬ್ಯಾಕ್‌ಹ್ಯಾಂಡ್. ಆಗ ಡಿಸ್ಕ್, ಮೇಲಿನಿಂದ ನೋಡುವವರಿಗೆ, ಪ್ರದಕ್ಷಿಣೆಯ ದಿಕ್ಕಿನಲ್ಲಿ ಸುತ್ತುತ್ತದೆ. ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ, ನಿಜ. ಆದರೆ ಎತ್ತುವ ಬಲ ಸದಾ ನಟ್ಟನಡುವೆಯೇ ಬೀಳುವುದಿಲ್ಲ. ವೇಗ ಹೆಚ್ಚಿದ್ದಾಗ ಅದು ನಡುವಿಗಿಂತ ತುಸು ಹಿಂದೆ ಬಿದ್ದು, ಹಿಂಬದಿಯನ್ನು ಮೇಲಕ್ಕೆ ದೂಡುತ್ತದೆ. ಸುತ್ತದೆ ಹೋಗುವ ವಸ್ತುವಾಗಿದ್ದರೆ ಮುಂದಿನ ಅಂಚು ತಗ್ಗಿ ಮಗುಚಿಕೊಳ್ಳುತ್ತಿತ್ತು. ಸುತ್ತುವ ವಸ್ತುವಿನ ರೀತಿಯೇ ಬೇರೆ. ವಾಲಿದ ಬುಗುರಿ ದಪ್ಪನೆ ಬೀಳದೆ ತೂಗುತ್ತ ಸುತ್ತು ಬರುತ್ತದಲ್ಲ, ಹಾಗೆ ಡಿಸ್ಕೂ ದೂಡಿದ ಕಡೆಗೆ ವಾಲದೆ ಅದಕ್ಕೆ 90 ಡಿಗ್ರಿ ಪಕ್ಕದ ದಿಕ್ಕಿಗೆ ವಾಲುತ್ತದೆ. ಮುಂದಿನ ಅಂಚಿನ ಬದಲು ಬಲ ಅಂಚು ತಗ್ಗುತ್ತದೆ, ಡಿಸ್ಕ್ ಬಲಕ್ಕೆ ಹೊರಳುತ್ತದೆ. ವೇಗ ಕುಂದಿ ಇಳಿಯತೊಡಗಿದಾಗ ಗಾಳಿ ಅಡಿಯಿಂದ ಹೆಚ್ಚು ಓರೆಯಾಗಿ ಬಡಿಯುತ್ತದೆ, ಎತ್ತುವ ಬಲ ಮುಂದಕ್ಕೆ ಸರಿಯುತ್ತದೆ. ಈಗ ತಗ್ಗುವುದು ಎಡ ಅಂಚು. ಹೀಗೆ ಒಂದೇ ಎಸೆತ ಒಂದು ಮರವನ್ನು ಬಲದಿಂದ ಬಳಸಿ, ಕೊನೆಯಲ್ಲಿ ಎಡಕ್ಕೆ ತಿರುಗಿ ಬುಟ್ಟಿಯ ಬಳಿ ಇಳಿಯಬಲ್ಲದು. ತೋಳನ್ನು ಎದೆಗೆ ಅಡ್ಡ ತರದೆ ಪಕ್ಕದಿಂದಲೇ ಬೀಸುವ ಫೋರ್‌ಹ್ಯಾಂಡ್ ಎಸೆತದಲ್ಲಿ ಎಲ್ಲವೂ ತಿರುವುಮುರುವು.

ಯಾವ ಡಿಸ್ಕ್ ಎಷ್ಟು ಬಾಗುತ್ತದೆ ಎಂಬುದನ್ನು ಅಂಚಿನ ಆಕಾರ ಬಹುಮಟ್ಟಿಗೆ ತೀರ್ಮಾನಿಸುತ್ತದೆ. 1983ರಲ್ಲಿ ಡೇವ್ ಡನಿಪೇಸ್ ಅಂಚನ್ನು ಓರೆಯಾಗಿ ಚೂಪು ಮಾಡಿದ ಡಿಸ್ಕ್ ತಂದರು. ಅದು ಗಾಳಿಯನ್ನು ಸೀಳಿಕೊಂಡು ದೂರ ಹೋಯಿತು. ದೂರದ ಎಸೆತಕ್ಕೆ ಬಳಸುವ ಇಂದಿನ ಡ್ರೈವರ್ ಡಿಸ್ಕುಗಳು ಅದೇ ವಂಶದವು: ಸುಮಾರು 21 ಸೆಂ.ಮೀ. ಅಗಲ, 175 ಗ್ರಾಂ ಆಸುಪಾಸಿನ ತೂಕ. ಆದರೆ ಅವಕ್ಕೆ ವೇಗ ಬೇಕು. ವೇಗ ಸಾಲದೆ ಹೋದರೆ ಬೇಗನೆ ಎಡಕ್ಕೆ ಬೀಳುತ್ತವೆ. ತೋಪಿನೊಳಗೆ, ಹತ್ತಿರದ ಎಸೆತಕ್ಕೆ ಬಳಸುವ ಮೊಂಡು ಅಂಚಿನ ಪಟರ್ ಡಿಸ್ಕ್ ಎಷ್ಟೋ ಮೇಲು. ಮೆಲ್ಲಗೆ ಎಸೆದರೂ ನೇರ ಹೋಗುತ್ತದೆ. ಮರಗಳ ಸಂದಿನಿಂದ ಎದುರುಗಾಳಿ ನುಗ್ಗಿದರೆ ಮಾತ್ರ ಎಚ್ಚರ ಬೇಕು. ಡಿಸ್ಕಿಗೆ ಲೆಕ್ಕ ನೆಲದ ಮೇಲಿನ ವೇಗವಲ್ಲ, ಗಾಳಿಗೆ ಎದುರಾದ ವೇಗ. ಎದುರುಗಾಳಿಯಲ್ಲಿ ಅದು ಜೋರಾಗಿ ಎಸೆದಂತೆಯೇ ಬಲಕ್ಕೆ ಹೊರಳುತ್ತದೆ.

ಇಷ್ಟೆಲ್ಲ ಕಲಿಸುವ ಮರಗಳಿಗೆ ಆಟದಿಂದ ಪೆಟ್ಟೂ ಬೀಳುತ್ತದೆ. ಡಿಸ್ಕ್ ಬಡಿದು ತೊಗಟೆ ಕೀಳುವುದು ಕಣ್ಣಿಗೆ ಕಾಣುವ ಗಾಯ. ಕಾಣದ ಗಾಯ ನೆಲದೊಳಗಿದೆ. ಓಕ್ ಮರದ ನೀರು ಹೀರುವ ಎಳೆಬೇರುಗಳು ಮೇಲುಮಣ್ಣಿನಲ್ಲೇ ಹರಡಿರುತ್ತವೆ. ಎಸೆಯುವ ಜಾಗದಲ್ಲಿ, ಬುಟ್ಟಿಯ ಸುತ್ತ ಜನ ತುಳಿದು ತುಳಿದು ಮಣ್ಣು ಗಟ್ಟಿಯಾದರೆ ಬೇರಿಗೆ ಗಾಳಿಯೂ ಸಿಗದು, ನೀರೂ ಇಳಿಯದು. ಅದಕ್ಕಾಗಿ ಕಾಳಜಿಯುಳ್ಳವರು ತುಳಿತದ ಜಾಗದಲ್ಲಿ ಮರದ ಚಕ್ಕೆ ಹರಡುತ್ತಾರೆ, ಬುಟ್ಟಿಗಳನ್ನು ಆಗಾಗ ಬೇರೆಡೆಗೆ ಸರಿಸಿ ಹಳೆಯ ಜಾಗಕ್ಕೆ ಸುಧಾರಿಸಿಕೊಳ್ಳಲು ಬಿಡುತ್ತಾರೆ.