ಅಂಗಳಕ್ಕೆ ಹಳೆಯ ಬೈಕ್ ಬಂದಾಗ

ನಿಮ್ಮ ಮನೆಯಲ್ಲಿ ಇಪ್ಪತ್ತರ ಆಸುಪಾಸಿನ ಮಗನೋ ತಮ್ಮನೋ ಇದ್ದರೆ ಇಂಥ ಒಂದು ದಿನ ಬರಬಹುದು. ಗೂಡ್ಸ್ ಆಟೋದಿಂದ ತುಕ್ಕು ಹಿಡಿದ ಬೈಕೊಂದು ಅಂಗಳಕ್ಕೆ ಇಳಿಯುತ್ತದೆ. ಸೀಟು ಹರಿದಿದೆ, ಟಯರಿನಲ್ಲಿ ಗಾಳಿ ಇಲ್ಲ, ಟ್ಯಾಂಕಿನೊಳಗೆ ಕೆಂಪು ಹುಡಿ. ಆದರೆ ಮಗನ ಕಣ್ಣಲ್ಲಿ ಮಾತ್ರ ಹಬ್ಬದ ಕಳೆ. “ಉಮ್ಮಾ, ಮೂರೇ ತಿಂಗಳು. ಹೊಸತರ ಹಾಗೆ ಮಾಡಿ ತೋರಿಸ್ತೇನೆ” ಎನ್ನುತ್ತಾನೆ.

ಆಗ ನೀವೇನು ಹೇಳುತ್ತೀರಿ? “ಈ ಗುಜರಿಯನ್ನು ತಂದಲ್ಲಿಗೇ ಬಿಟ್ಟು ಬಾ” ಎಂದು ಗದರುವವರಿದ್ದಾರೆ. “ಇದು ಗಂಡಸರ ವಿಷಯ” ಎಂದು ಸುಮ್ಮನಾಗುವವರೂ ಇದ್ದಾರೆ. ಗದರಿದರೆ ಬೈಕ್ ಗೆಳೆಯನ ಶೆಡ್ಡಿಗೆ ಹೋಗುತ್ತದೆ, ಅಲ್ಲಿ ಏನು ನಡೆಯುತ್ತದೆಂದು ನಿಮಗೆ ತಿಳಿಯುವುದಿಲ್ಲ. ಸುಮ್ಮನಾದರೆ ನಿಮ್ಮ ಕಣ್ಣೆದುರೇ ಎಲ್ಲ ನಡೆದರೂ ಏನೂ ಗೊತ್ತಾಗುವುದಿಲ್ಲ. ಕೆಲಸ ನಡೆಯುವುದು ನಿಮ್ಮ ಅಂಗಳದಲ್ಲಿ. ಅದನ್ನು ಓಡಿಸುವವನು ನಿಮ್ಮ ಮಗ. ಆದ್ದರಿಂದ ಕೇಳುವ ಹಕ್ಕು ನಿಮಗಿದೆ. ಏನು ಕೇಳಬೇಕು ಎಂಬುದು ತಿಳಿದಿದ್ದರೆ ಸಾಕು.

ಈ ಬೈಕಿಗೆ ಯಾಕಿಷ್ಟು ಹುಚ್ಚು?

ಇಂಥ ಬೈಕುಗಳಲ್ಲಿ ತುಂಬ ಹೆಸರು ಮಾಡಿದ್ದು ರಾಜ್‌ದೂತ್ 350. ಜಪಾನಿನ ಯಮಹಾ ಕಂಪೆನಿ 1973ರಲ್ಲಿ ತಂದ ಆರ್‌ಡಿ 350ರ ಭಾರತೀಯ ರೂಪ ಅದು. ಎಸ್ಕಾರ್ಟ್ಸ್ ಸಂಸ್ಥೆ 1983ರಲ್ಲಿ ಅದನ್ನು ನಮ್ಮ ಮಾರುಕಟ್ಟೆಗೆ ತಂದಿತು. 347 ಸಿಸಿಯ ಇಂಜಿನ್, ಎರಡು ಸಿಲಿಂಡರ್, ಆರು ಗೇರ್, ಸುಮಾರು 30 ಅಶ್ವಶಕ್ತಿ. ಆ ದಿನಗಳ ಬುಲೆಟ್ 350ರ ಶಕ್ತಿ ಸುಮಾರು 18 ಅಶ್ವಶಕ್ತಿ ಮಾತ್ರ ಎಂಬುದನ್ನು ನೆನೆದರೆ ವ್ಯತ್ಯಾಸ ಅರ್ಥವಾಗುತ್ತದೆ.

ಇನ್ನೊಂದು ವ್ಯತ್ಯಾಸವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಜಪಾನಿನ ಮೂಲ ಬೈಕಿನ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು. ನಮ್ಮಲ್ಲಿ ತಯಾರಾದದ್ದಕ್ಕೆ ಡ್ರಮ್ ಬ್ರೇಕ್ ಹಾಕಲಾಯಿತು. ಓಡುವ ಶಕ್ತಿ ಹೆಚ್ಚು, ನಿಲ್ಲುವ ಶಕ್ತಿ ಕಡಿಮೆ. ಆರ್‌ಡಿ ಎಂಬ ಎರಡಕ್ಷರಕ್ಕೆ ‘ರ‍್ಯಾಪಿಡ್ ಡೆತ್’, ಅಂದರೆ ಕ್ಷಿಪ್ರ ಮರಣ ಎಂದು ಜನ ಅರ್ಥ ಕಟ್ಟಿದ್ದು ಸುಮ್ಮನೆ ಅಲ್ಲ.

1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100, ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ ಮತ್ತು ಯೆಜ್ಡಿ ಬೈಕುಗಳೂ ಹೀಗೆಯೇ ಅಂಗಳಗಳಿಗೆ ಬರುತ್ತವೆ. ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಇವೆಲ್ಲವೂ ಟೂ ಸ್ಟ್ರೋಕ್ ಬೈಕುಗಳು. ಆದ್ದರಿಂದ ಮುಂದೆ ಹೇಳುವ ಹೆಚ್ಚಿನ ಮಾತುಗಳು ಎಲ್ಲಕ್ಕೂ ಅನ್ವಯಿಸುತ್ತವೆ.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ

ಮೊದಲ ಪ್ರಶ್ನೆ: “ಆರ್‌ಸಿ ಎಲ್ಲಿದೆ?” ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಮತ್ತು ಇಂಜಿನ್ ನಂಬರ್ ಬೈಕಿನ ಮೇಲೆ ಕೊರೆದಿರುವ ನಂಬರಿಗೆ ಸರಿಹೊಂದಬೇಕು. ಉಜ್ಜಿದ ಅಥವಾ ಮತ್ತೆ ಕೊರೆದ ಗುರುತು ಕಂಡರೆ ಅಲ್ಲಿಗೇ ನಿಲ್ಲಿಸಿ. ಕದ್ದ ಮಾಲು ನಮಗೆ ಹರಾಮ್. ಅದನ್ನು ಅಂಗಳದಲ್ಲಿಟ್ಟುಕೊಂಡವರಿಗೆ ಪೊಲೀಸ್ ಠಾಣೆಯ ಅಲೆದಾಟವೂ ತಪ್ಪದು.

ಖಾಸಗಿ ಬೈಕಿನ ನೋಂದಣಿಗೆ 15 ವರ್ಷದ ಅವಧಿ. ಬಳಿಕ ಆರ್‌ಟಿಓ ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದರ ಶುಲ್ಕ 2022ರಲ್ಲಿ ಏರಿತು, 20 ವರ್ಷ ದಾಟಿದ ವಾಹನಗಳಿಗೆ 2025ರಲ್ಲಿ ಮತ್ತೆ ಏರಿತು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಬೇಕು. ಮೂಲ ಮಾಲೀಕರು ತೀರಿಕೊಂಡಿದ್ದರೆ ಅವರ ವಾರಸುದಾರರು ಮೊದಲು ಫಾರಂ 31ರ ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. “ಕಾಗದ ಆಮೇಲೆ ನೋಡೋಣ” ಎಂದು ಹಣ ಸುರಿದವರ ಬೈಕುಗಳು ಫಳಫಳ ಹೊಳೆಯುತ್ತಾ ಮನೆಯಲ್ಲೇ ಉಳಿದಿವೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪೆನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ಬಳಿಕ ಅಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಆಗಬಹುದು. ಇಂಜಿನ್, ಬಣ್ಣ, ಬ್ರೇಕ್ ಯಾವುದನ್ನು ಬದಲಿಸುವುದಿದ್ದರೂ ಮೊದಲೇ ಆರ್‌ಟಿಓದಲ್ಲಿ ವಿಚಾರಿಸುವಂತೆ ಹೇಳಿ.

ಮಗನಿಗೆ 18 ತುಂಬಿಲ್ಲವೇ? ಹಾಗಾದರೆ ಅವನು ಬಿಚ್ಚಲಿ, ತೊಳೆಯಲಿ, ಕಲಿಯಲಿ. ಆದರೆ ಕೀಲಿ ನಿಮ್ಮ ಕಪಾಟಿನಲ್ಲಿರಲಿ. ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಸಿಕ್ಕಿಬಿದ್ದರೆ ಹೆತ್ತವರಿಗೇ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಶಿಕ್ಷೆ ಎಂದು ಕಾನೂನು ಹೇಳುತ್ತದೆ.

ಇಂಜಿನ್ ಒಳಗೊಂದು ಕುಕ್ಕರ್

ಟೂ ಸ್ಟ್ರೋಕ್ ಇಂಜಿನ್ ಅರ್ಥ ಮಾಡಿಕೊಳ್ಳಲು ಗೃಹಿಣಿಯರಿಗೆ ಕಷ್ಟವಿಲ್ಲ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಪ್ರೆಶರ್ ಕುಕ್ಕರನ್ನು ಇಳಿಸಿದರೆ ಗ್ಯಾಸ್ಕೆಟ್ ಏನಾಗಿರುತ್ತದೆ? ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ಹಬೆ ಸೋರುತ್ತದೆ. ಈ ಇಂಜಿನ್ನಿನಲ್ಲೂ ಕ್ರ್ಯಾಂಕ್‌ನ ಎರಡೂ ತುದಿಗೆ ರಬ್ಬರಿನ ಆಯಿಲ್ ಸೀಲ್‌ಗಳಿವೆ. ನಿಂತ ಬೈಕಿನಲ್ಲಿ ಅವೂ ಹಾಗೆಯೇ ಒಣಗುತ್ತವೆ.

ಕುಕ್ಕರ್ ಸೋರಿದರೆ ಅನ್ನ ಬೇಯುವುದಿಲ್ಲ, ಅಷ್ಟೇ. ಇಲ್ಲಿ ಸೀಲ್ ಸೋರಿದರೆ ಇಂಜಿನ್ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದಾಗ ಶಾಖ ಮಿತಿಮೀರುತ್ತದೆ. ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದನ್ನು ಮೆಕ್ಯಾನಿಕ್‌ಗಳು ‘ಸೀಜ್’ ಎನ್ನುತ್ತಾರೆ. ಓಡುತ್ತಿರುವ ಬೈಕಿನ ಇಂಜಿನ್ ಸೀಜ್ ಆದರೆ ಹಿಂದಿನ ಚಕ್ರ ಒಮ್ಮೆಗೇ ತಿರುಗದೆ ನಿಲ್ಲುತ್ತದೆ. ಆ ಕ್ಷಣದಲ್ಲೇ ಕ್ಲಚ್ ಹಿಡಿಯದಿದ್ದರೆ ಬೀಳುವುದು ಖಚಿತ.

ಇದಕ್ಕೆ ಇನ್ನೊಂದು ಕಾರಣ ಆಯಿಲ್ ಪಂಪ್. ಯಮಹಾ ಬೈಕುಗಳಲ್ಲಿ ಆಯಿಲ್‌ಗೆ ಬೇರೆಯೇ ಟ್ಯಾಂಕ್ ಇದೆ, ಸಣ್ಣ ಪಂಪೊಂದು ಅದನ್ನು ಇಂಜಿನ್‌ಗೆ ಕಳಿಸುತ್ತದೆ. ಪಂಪ್ ಕೈಕೊಟ್ಟರೆ ಅಥವಾ ಆಯಿಲ್ ಮುಗಿದರೆ ಪಿಸ್ಟನ್ ಒಣಗಿಕೊಂಡೇ ಓಡಿ ಸೀಜ್ ಆಗುತ್ತದೆ.

ಆದ್ದರಿಂದ ಎರಡನೆಯ ಪ್ರಶ್ನೆ: “ಸೀಲ್ ಎರಡೂ ಹೊಸದಾಯಿತೇ? ಆಯಿಲ್ ಪಂಪ್ ನೋಡಿದೆಯಾ?” ದೊಡ್ಡ ಕಾರ್ಬೊರೇಟರ್, ಹೊಸ ಸೈಲೆನ್ಸರ್ ಇತ್ಯಾದಿ ಆಸೆಗಳು ಇದರ ನಂತರ. ಕ್ರ್ಯಾಂಕ್ ಬಿಚ್ಚಿ ಜೋಡಿಸುವುದು, ಸಿಲಿಂಡರ್ ಬೋರ್ ಮಾಡುವುದು ಮನೆಯ ಕೆಲಸವಲ್ಲ. ಅದಕ್ಕೆ ಅನುಭವಸ್ಥರ ಲೇತ್ ಅಂಗಡಿಯೇ ಆಗಬೇಕು. ಹೊಸ ಪಿಸ್ಟನ್ ಹಾಕಿದ ಮೇಲೆ ಮೊದಲ ಸುಮಾರು 1,000 ಕಿಲೋಮೀಟರ್ ನಿಧಾನವಾಗಿ ಓಡಿಸಬೇಕು. ಆ ತಾಳ್ಮೆ ಇಲ್ಲದವನಿಗೆ ಈ ಬೈಕ್ ತಕ್ಕದ್ದಲ್ಲ.

ಓಡುವ ಮೊದಲು ನಿಲ್ಲಲಿ

ಈಗ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. “ಇದು ಎಷ್ಟು ಓಡುತ್ತದೆ?” ಎಂದು ಕೇಳುವವರು ಊರಿಡೀ ಇದ್ದಾರೆ. “ಹೇಗೆ ನಿಲ್ಲುತ್ತದೆ?” ಎಂದು ಕೇಳಬೇಕಾದವರು ಮನೆಯವರು.

ನಾಲ್ಕು ಸ್ಟ್ರೋಕಿನ ಬೈಕಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ವೇಗವನ್ನು ಒಂದಿಷ್ಟು ತಡೆಯುತ್ತದೆ. ಟೂ ಸ್ಟ್ರೋಕ್‌ನಲ್ಲಿ ಆ ತಡೆ ಬಹಳ ಕಡಿಮೆ. ಚಾರ್ಮಾಡಿ ಘಾಟಿಯಂಥ ಇಳಿಜಾರಿನಲ್ಲಿ ಇಡೀ ಭಾರ ಬ್ರೇಕಿನ ಮೇಲೆಯೇ ಬೀಳುತ್ತದೆ. ಡ್ರಮ್ ಬ್ರೇಕ್ ಬಿಸಿಯಾದಂತೆ ಅದರ ಹಿಡಿತ ಸಡಿಲವಾಗುತ್ತದೆ. ಹೊಸ ಬೈಕುಗಳಿಗೆ ನಮ್ಮ ದೇಶದಲ್ಲಿ 2018-19ರಿಂದ ಎಬಿಎಸ್ ಅಥವಾ ಎರಡೂ ಚಕ್ರಕ್ಕೆ ಒಟ್ಟಿಗೆ ಹಿಡಿಯುವ ಸಿಬಿಎಸ್ ಬ್ರೇಕ್ ಕಡ್ಡಾಯವಾಯಿತು. ಅಂಥದ್ದರಲ್ಲಿ ಕೈಪಳಗಿದ ಹುಡುಗ ಹಳೆಯ ಬೈಕನ್ನು ಅದೇ ಧೈರ್ಯದಲ್ಲಿ ಓಡಿಸಿದರೆ ಅನಾಹುತವಾದೀತು.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ. ಮೊದಲು ಬ್ರೇಕ್ ಶೂ, ಕೇಬಲ್, ಡ್ರಮ್. ಬಳಿಕ ಚಕ್ರದ ಬೇರಿಂಗ್, ಕಡ್ಡಿಗಳು, ಹ್ಯಾಂಡಲಿನ ಬೇರಿಂಗ್, ಮುಂದಿನ ಫೋರ್ಕ್. ನಂತರ ಟಯರ್. ಆಮೇಲೆ ಹೆಡ್‌ಲೈಟ್ ಮತ್ತು ವೈರಿಂಗ್. ಇಂಜಿನ್ ಶಕ್ತಿ ಹೆಚ್ಚಿಸುವ ಮಾತು ಕಟ್ಟಕಡೆಗೆ. ಅನೇಕರು ಮುಂದಿನ ಚಕ್ರಕ್ಕೆ ಬೇರೆ ಬೈಕಿನ ಡಿಸ್ಕ್ ಬ್ರೇಕ್ ಜೋಡಿಸುತ್ತಾರೆ. ಒಳ್ಳೆಯ ಸುಧಾರಣೆಯೇ. ಆದರೆ ಹಳೆಯ ಫೋರ್ಕಿಗೆ ಸಿಕ್ಕಿದ ತುಂಡನ್ನು ಬೆಸೆದು ಬ್ರೇಕ್ ಕೂರಿಸುವುದು ಅಪಾಯ. ಫೋರ್ಕ್, ಚಕ್ರ, ಡಿಸ್ಕ್ ಎಲ್ಲವೂ ಒಂದಕ್ಕೊಂದು ಹೊಂದುವಂಥದ್ದಾಗಿರಬೇಕು.

ಟಯರನ್ನು ನೀವೇ ಪರೀಕ್ಷಿಸಬಹುದು. ಅದರ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗುಂಡಿಗಳು ಆಳವಾಗಿ ಕಂಡರೂ ವಯಸ್ಸಾದ ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತದೆ.

ಹಿಂದೆ ಕೂರುವವರು ನಾವು

ಬೈಕನ್ನು ‘ಸ್ಪೋರ್ಟಿ’ ಮಾಡಲು ಹೊರಟವರು ಮೊದಲು ಕಿತ್ತು ಬಿಸಾಡುವುದು ಸ್ಯಾರಿ ಗಾರ್ಡನ್ನು. ಬಳಿಕ ಚೈನ್ ಕವರ್ ಹೋಗುತ್ತದೆ, ಹಿಂದಿನ ಹಿಡಿಕೆ ಹೋಗುತ್ತದೆ. ನಾಳೆ ಆ ಸೀಟಿನ ಮೇಲೆ ಕೂತು ಮದುವೆಗೋ ಆಸ್ಪತ್ರೆಗೋ ಹೊರಡುವವರು ನಾವು. ಬುರ್ಖಾದ ಅಂಚು, ದುಪಟ್ಟಾದ ತುದಿ ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇದು ನಮ್ಮ ಭಯ ಮಾತ್ರವಲ್ಲ. ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಲೇಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಾವಳಿಯ 123ನೇ ನಿಯಮ ಹೇಳುತ್ತದೆ. “ಸ್ಯಾರಿ ಗಾರ್ಡ್ ಇಲ್ಲದ ಬೈಕಿನಲ್ಲಿ ನಾನೂ ಕೂರುವುದಿಲ್ಲ, ನಿನ್ನ ತಂಗಿಯನ್ನೂ ಕೂರಿಸುವುದಿಲ್ಲ” ಎಂದು ಖಂಡಿತವಾಗಿ ಹೇಳಿ. ಐಎಸ್‌ಐ ಗುರುತಿನ ಹೆಲ್ಮೆಟ್ ಇಬ್ಬರಿಗೂ ಇರಲಿ.

ಮನೆಯೊಳಗಿನ ಎಚ್ಚರ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ತಲುಪಬಲ್ಲದು. ಅಡುಗೆಮನೆಯ ಬಾಗಿಲ ಬಳಿ, ಬಚ್ಚಲಲ್ಲಿ, ಲೋಬಾನ ಹಾಕುವ ಕೋಣೆಯ ಹತ್ತಿರ ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯಲು ಬಿಡಬೇಡಿ. ಖಾಲಿ ಟ್ಯಾಂಕಿನೊಳಗೂ ಆವಿ ಉಳಿದಿರುತ್ತದೆ. ಅದಕ್ಕೆ ಹಾಗೆಯೇ ಬೆಸುಗೆ ಹಾಕಲು ಹೋದರೆ ಸ್ಫೋಟವಾಗುತ್ತದೆ.

ಹಳೆಯ ಬ್ರೇಕ್ ಶೂಗಳ ಹುಡಿಯಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರಬಹುದು. ಅದನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮುಚ್ಚಿದ ಕೋಣೆಯಲ್ಲಿ ಇಂಜಿನ್ ಚಾಲೂ ಮಾಡಿದರೆ ವಾಸನೆಯಿಲ್ಲದ ವಿಷಾನಿಲ ತುಂಬುತ್ತದೆ. ಬ್ಯಾಟರಿ ಚಾರ್ಜಿಗಿಟ್ಟ ಜಾಗದಲ್ಲಿ ಗಾಳಿಯಾಡಬೇಕು, ಬೆಂಕಿ ಇರಬಾರದು. ಹಳೆಯ ಆಯಿಲನ್ನು ಚರಂಡಿಗೋ ಬಾವಿಕಟ್ಟೆಯ ಬಳಿಗೋ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಲಿ.

ನೀವು ಕೊಡಬಹುದಾದದ್ದೂ ಇದೆ. ಹಳೆಯ ಪ್ಲಾಸ್ಟಿಕ್ ಡಬ್ಬಿಗಳು, ಮೊಟ್ಟೆಯ ಟ್ರೇ, ಚೀಟಿ ಅಂಟಿಸಲು ಒಂದು ಪೆನ್ನು. ಮಸಾಲೆ ಡಬ್ಬಿ ಜೋಡಿಸಿ ಗೊತ್ತಿದ್ದವರಿಗೆ ಬೋಲ್ಟು-ನಟ್ಟು ವಿಂಗಡಿಸುವುದು ಕಷ್ಟವೇ? ಮಗಳಿಗೆ ಆಸಕ್ತಿಯಿದ್ದರೆ ಅವಳೂ ಸ್ಪ್ಯಾನರ್ ಹಿಡಿಯಲಿ. ವಿದ್ಯೆಗೆ ಗಂಡು-ಹೆಣ್ಣೆಂಬ ಭೇದವಿಲ್ಲ.

ಹಣ, ಸಮಯ ಮತ್ತು ನೆರೆಹೊರೆ

ಇಂಥ ಕೆಲಸದಲ್ಲಿ ಖರ್ಚು ತಿಳಿಯದಂತೆ ಬೆಳೆಯುತ್ತದೆ. ಒಂದು ನೋಟ್‌ಬುಕ್ ತಂದು ಕೊಡಿ, ಪ್ರತಿ ತಿರುಪಿನ ಲೆಕ್ಕವೂ ಅದರಲ್ಲಿರಲಿ. ದುಂದುವೆಚ್ಚವನ್ನು ಕುರ್‌ಆನ್ ಕಟುವಾಗಿ ಖಂಡಿಸಿದೆ. ಮೋಜಿಗಾಗಿ ಬಡ್ಡಿಯ ಸಾಲ ಮಾಡುವುದಂತೂ ನಮ್ಮ ಮನೆಗಳಿಗೆ ಹೇಳಿದ್ದಲ್ಲ. ಕೈಯಲ್ಲಿದ್ದಷ್ಟು ಖರ್ಚು ಮಾಡಲಿ, ಉಳಿದದ್ದು ಮುಂದಿನ ತಿಂಗಳಿಗೆ. ನಮಾಝಿನ ಹೊತ್ತಿಗೆ ಕೈ ತೊಳೆದು ಏಳಬೇಕು, ಪರೀಕ್ಷೆಯ ತಿಂಗಳಲ್ಲಿ ಬೈಕಿಗೆ ಹೊದಿಕೆ ಬೀಳಬೇಕು.

ಸೈಲೆನ್ಸರನ್ನು ಕೊರೆದು ಸದ್ದು ಹೆಚ್ಚಿಸುವ ಚಾಳಿ ಈಗ ವ್ಯಾಪಕ. ಪಕ್ಕದ ಮನೆಯಲ್ಲಿ ಬಾಣಂತಿ ಇರಬಹುದು, ಕಾಯಿಲೆಯ ವೃದ್ಧರಿರಬಹುದು. ನೆರೆಯವರಿಗೆ ತೊಂದರೆ ಕೊಡುವುದನ್ನು ಪ್ರವಾದಿ(ಸ)ರು ಎಷ್ಟು ಗಂಭೀರವಾಗಿ ಕಂಡಿದ್ದಾರೆಂದು ನಮಗೆ ಗೊತ್ತಿದೆ. ದಾರಿಯ ಮೇಲಿನ ತೊಂದರೆಯನ್ನು ಸರಿಸುವುದನ್ನೂ ಅವರು ಈಮಾನ್‌ನ ಒಂದು ಶಾಖೆಯಾಗಿ ಎಣಿಸಿದ್ದಾರೆ. ಹಾಗಿರುವಾಗ ನಮ್ಮ ಮಗನೇ ದಾರಿಯ ತೊಂದರೆ ಆಗಬಾರದಲ್ಲವೇ?

ಇಷ್ಟೆಲ್ಲ ಓದಿ ಹೆದರಬೇಡಿ. ಮೊಬೈಲಿನ ಮೇಲೆ ಬಾಗಿದ ತಲೆ ಇಂಜಿನ್ನಿನ ಮೇಲೆ ಬಾಗಿದರೆ ಅದು ಸಂತೋಷದ ವಿಷಯವೇ. ಕೆಟ್ಟದ್ದನ್ನು ಎಸೆಯದೆ ರಿಪೇರಿ ಮಾಡುವ ಗುಣ, ಲೆಕ್ಕವಿಡುವ ಅಭ್ಯಾಸ, ತಪ್ಪಾದರೆ ಬಿಚ್ಚಿ ಮತ್ತೆ ಜೋಡಿಸುವ ತಾಳ್ಮೆ ಇವೆಲ್ಲ ಬದುಕಿಗೂ ಬೇಕಾದವು. ಮಾತೇ ನಿಂತುಹೋಗಿದ್ದ ತಂದೆ-ಮಗನ ನಡುವೆ ಒಂದು ಸ್ಪ್ಯಾನರ್ ಮಾತು ಹುಟ್ಟಿಸಬಲ್ಲದು. ನಮ್ಮ ದೇಹವೂ ಜೀವವೂ ಅಲ್ಲಾಹನು ಕೊಟ್ಟ ಅಮಾನತ್ತು ಎಂಬ ಅರಿವು ಅದರ ಜೊತೆಗಿದ್ದರೆ ಸಾಕು.

ಮೂರು ತಿಂಗಳೋ ಆರು ತಿಂಗಳೋ ಕಳೆದು ಒಂದು ಸಂಜೆ ಮಗ ಕಿಕ್ಕರ್ ಒದೆದು ಇಂಜಿನ್ ಚಾಲೂ ಮಾಡುತ್ತಾನೆ. ನೀಲಿ ಹೊಗೆ ಅಂಗಳ ತುಂಬುತ್ತದೆ, ಮಕ್ಕಳು ಕುಣಿಯುತ್ತಾರೆ. ನೀವೂ ಮಾಶಾ ಅಲ್ಲಾಹ್ ಎನ್ನಿ. ಆಮೇಲೆ ಅವನನ್ನು ಗೇಟಿನವರೆಗೆ ಮಾತ್ರ ಓಡಿಸಲು ಹೇಳಿ, ಅಲ್ಲಿ ನಿಲ್ಲಿಸಿ ತೋರಿಸುವಂತೆ ಹೇಳಿ. ನೆಟ್ಟಗೆ, ಜಾರದೆ, ಹೇಳಿದ ಜಾಗದಲ್ಲಿ ನಿಂತರೆ ಮಾತ್ರ ಗೇಟು ತೆರೆಯಿರಿ.